ಎಂ.ಎ. ಸೈಕಾಲಜಿ ಮುಗಿಸಿದರೆ ಕೌನ್ಸೆಲರ್ ಆದಂತೆಯೇ?

ಡಿಗ್ರಿ ಫಲಿತಾಂಶ ಬರುವ ಹೊತ್ತಿಗೆ ನನಗೆ ಫೋನುಗಳು ಶುರುವಾಗುತ್ತವೆ. ಸಿಂಧನೂರಿನಿಂದ, ಗಂಗಾವತಿಯಿಂದ, ಇಲ್ಲೇ ಬಳ್ಳಾರಿಯ ಕೌಲ್‌ಬಜಾರಿನಿಂದ. "ಮೇಡಂ, ನಮ್ಮ ಹುಡುಗಿಯ ಹತ್ತಿರ ಎಲ್ಲರೂ ಬಂದು ಕಷ್ಟ ಹೇಳಿಕೊಳ್ಳುತ್ತಾರೆ. ಕೌನ್ಸೆಲಿಂಗ್ ಓದಿಸಿದರೆ ಹೇಗೆ?" ಓದಿಸಿ, ಬಹಳ ಸಂತೋಷ. ಆದರೆ ನಮ್ಮ ಕಡೆಯ ಜನ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಕಷ್ಟ ಹೇಳಿಕೊಳ್ಳುತ್ತಾರೆ. ಹೊಸಪೇಟೆ ಬರುವಷ್ಟರಲ್ಲಿ ಮನೆತನದ ಪೂರ್ತಿ ಕಥೆ ಬಿಚ್ಚಿರುತ್ತದೆ. ಕೇಳಿಸಿಕೊಂಡವರೆಲ್ಲ ಕೌನ್ಸೆಲರ್ ಆಗುವುದಾದರೆ ಕಂಡಕ್ಟರುಗಳಿಗೆ ಮೊದಲು ಪ್ರಮಾಣಪತ್ರ ಕೊಡಬೇಕು.

ನನ್ನ ತಕರಾರು ಪಾಲಕರ ಮೇಲಲ್ಲ, ಕೋರ್ಸುಗಳ ಮೇಲೆ. ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ, ಎಂ.ಎಸ್.ಡಬ್ಲ್ಯು.ನಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ, ಆಮೇಲೊಂದು ಡಿಪ್ಲೊಮಾ: ಈ ಕೆಲಸಕ್ಕೆ ಬರುವವರ ಸಾಮಾನ್ಯ ದಾರಿ ಇದು. ಪುಸ್ತಕದ ಓದಿಗೆ ಕೊರತೆಯಿಲ್ಲ. ಫ್ರಾಯ್ಡ್‌ನಿಂದ ಕಾರ್ಲ್ ರೋಜರ್ಸ್‌ವರೆಗೆ ಮನಶ್ಶಾಸ್ತ್ರದ ದೊಡ್ಡ ಹೆಸರುಗಳೆಲ್ಲ ಪ್ರಶ್ನೆಪತ್ರಿಕೆಯಲ್ಲಿ ಬರುತ್ತವೆ. ನಿಜವಾದ ಒಬ್ಬ ಮನುಷ್ಯ ಎದುರಿಗೆ ಕೂತು ಮಾತಾಡಿದ್ದನ್ನು, ಅದಕ್ಕೆ ವಿದ್ಯಾರ್ಥಿ ಕೊಟ್ಟ ಉತ್ತರವನ್ನು, ಅನುಭವಿಗಳೊಬ್ಬರು ಸಾಲು ಸಾಲಾಗಿ ಕೇಳಿ ತಿದ್ದುವುದು ಮಾತ್ರ ಎಲ್ಲೂ ಕಾಣುವುದಿಲ್ಲ. ಒಂದು ಕಾಲೇಜಿನ ಕ್ಷೇತ್ರಕಾರ್ಯದ ರೆಕಾರ್ಡ್ ಬುಕ್ಕುಗಳನ್ನು ನೋಡುವ ಯೋಗ ನನಗೆ ಬಂದಿತ್ತು. ಮೂರು ಬ್ಯಾಚಿನ ವಿದ್ಯಾರ್ಥಿಗಳಿಗೆ ಒಬ್ಬನೇ ಕುಡುಕ ಗಂಡ, ಒಬ್ಬಳೇ ಅಳುವ ಹೆಂಡತಿ, ಅದೇ ಐದನೆಯ ಭೇಟಿಯಲ್ಲಿ ಅದೇ ಸುಖಾಂತ್ಯ. ಎಲ್ಲಕ್ಕೂ ಕೆಂಪು ಶಾಯಿಯಲ್ಲಿ 'ನೋಡಲಾಗಿದೆ'.

ಅಮೆರಿಕದಲ್ಲಿ ಕೌನ್ಸೆಲಿಂಗ್ ಸ್ನಾತಕೋತ್ತರ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೇಕ್ರೆಪ್ ಎಂಬ ಸಂಸ್ಥೆಯ ನಿಯಮ ನೋಡಿ. ಮೊದಲು 100 ಗಂಟೆಯ ಪ್ರಾಕ್ಟಿಕಮ್ (ಆರಂಭಿಕ ಪ್ರಾಯೋಗಿಕ ತರಬೇತಿ), ಆಮೇಲೆ 600 ಗಂಟೆಯ ಇಂಟರ್ನ್‌ಶಿಪ್. ಆ 600ರಲ್ಲಿ ಕನಿಷ್ಠ 240 ಗಂಟೆ ನೆರವು ಬೇಡಿ ಬಂದವರ ಜೊತೆಗೇ ಕಳೆಯಬೇಕು. ಜೊತೆಗೆ ವಾರವಾರವೂ ಸೂಪರ್‌ವಿಷನ್, ಅಂದರೆ ಅನುಭವಿಗಳು ಕೂತು ಕೇಳಿ ತಿದ್ದುವುದು. ಅಲ್ಲಿಯದೆಲ್ಲ ಇಲ್ಲಿಗೆ ಒಗ್ಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅವರ ಶುಲ್ಕ ಕೇಳಿದರೆ ನಮಗೇ ಕೌನ್ಸೆಲಿಂಗ್ ಬೇಕಾದೀತು. ಗಂಟೆಯ ಲೆಕ್ಕವನ್ನು ಮಾತ್ರ ತರಬಹುದು, ಅದಕ್ಕೆ ಡಾಲರ್ ಬೇಕಾಗಿಲ್ಲ.

ಸೂಪರ್‌ವಿಷನ್ ಎಂದರೆ ಏನು ನಡೆಯುತ್ತದೆ ಎಂದು ಒಂದು ಉದಾಹರಣೆ ಹೇಳುತ್ತೇನೆ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ನನ್ನ ಬಳಿ ತರಬೇತಿಗೆ ಬಂದಿದ್ದ ಹುಡುಗಿಯೊಬ್ಬಳು ಹಾಸ್ಟೆಲ್ ವಿದ್ಯಾರ್ಥಿನಿಯೊಬ್ಬಳ ಜೊತೆ ನಡೆದ ಮಾತುಕತೆಯನ್ನು ಪದಶಃ ಬರೆದು ತಂದಿದ್ದಳು. ಆ ವಿದ್ಯಾರ್ಥಿನಿ ಹೇಳಿದ್ದಳು: "ಊರಿಗೆ ಹೋದರೆ ವಾಪಸ್ ಕಳಿಸುವುದಿಲ್ಲ ಅನಿಸುತ್ತದೆ." ಅದಕ್ಕೆ ಇವಳ ಉತ್ತರ: "ಹಾಗೆಲ್ಲ ಯೋಚಿಸಬೇಡ, ನೀನು ಚೆನ್ನಾಗಿ ಓದು, ಎಲ್ಲ ಸರಿಹೋಗುತ್ತದೆ." ಮುಂದಿನ ಸಾಲು: "ಹೂಂ." ಅದರಾಚೆಯ ಪುಟದ ತುಂಬ ಇವಳದೇ ಮಾತು. ನಾನು ಆ 'ಹೂಂ' ಮೇಲೆ ಬೆರಳಿಟ್ಟು ಕೇಳಿದೆ, "ಇದಕ್ಕೆ ಮೊದಲು ನಿನಗೆ ಏನಾಯಿತು?" ಬಹಳ ಹೊತ್ತು ಸುಮ್ಮನಿದ್ದು, "ಭಯವಾಯಿತು ಅಕ್ಕಾ. ನನ್ನ ತಂಗಿಯ ಮದುವೆಯೂ ಹಾಗೇ ಆಗಿತ್ತು," ಎಂದಳು. ಹಾಸ್ಟೆಲ್ ಹುಡುಗಿಗೆ ಕೊಟ್ಟ ಸಮಾಧಾನ ಅಸಲಿಗೆ ತನಗೇ ಹೇಳಿಕೊಂಡದ್ದಾಗಿತ್ತು. ಇದು ಯಾವ ಪರೀಕ್ಷೆಯಲ್ಲೂ ಹೊರಬರುವುದಿಲ್ಲ. ಮುಂದಿನ ವಾರ ಅವಳು ಕಡಿಮೆ ಮಾತಾಡಿ ಬಂದಳು; ಆ ಹುಡುಗಿ ಮದುವೆಯ ಮಾತು ಯಾವಾಗ ಶುರುವಾಯಿತು, ಮನೆಯಲ್ಲಿ ತನ್ನ ಪರವಾಗಿ ಯಾರಿದ್ದಾರೆ ಎಂಬುದನ್ನೆಲ್ಲ ತಾನಾಗಿಯೇ ಹೇಳಿದ್ದಳು.

ಕಾನೂನಿನ ವಿಷಯವೂ ಇಲ್ಲೇ ಕಲಿಯಬೇಕಾದದ್ದು. ತರಬೇತಿಯಿಲ್ಲದವರು ಮೊದಲ ಭೇಟಿಯಲ್ಲೇ "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಟ್ಟುಬಿಡುತ್ತಾರೆ. ಎದುರಿಗಿರುವುದು 18 ತುಂಬದ ಗರ್ಭಿಣಿಯಾದರೆ? ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ವರದಿ ಮಾಡುವುದು ಕಡ್ಡಾಯ, ಮಾಡದಿದ್ದರೆ ಶಿಕ್ಷೆಯಿದೆ. ಗೌಪ್ಯತೆ ಎಲ್ಲಿಯವರೆಗೆ ಎಂಬುದನ್ನು ಮಾತು ಶುರುವಾಗುವ ಮೊದಲೇ ಮೃದುವಾಗಿ ತಿಳಿಸುವುದೂ ಒಂದು ಕೌಶಲ. ಹಾಗೆಯೇ ಹತ್ತಿಗೆ ಹೊಡೆಯುವ ಎಣ್ಣೆ (ಕೀಟನಾಶಕ) ಕುಡಿದು ವಾರ್ಡಿಗೆ ಬಂದವರ ಮನೆಯವರು ಮೊದಲು ಕೇಳುವುದು "ಪೊಲೀಸ್ ಕೇಸ್ ಆಗುತ್ತದೆಯೇ?" ಎಂದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಇದನ್ನು ಅಳುತ್ತಿರುವ ತಾಯಿಗೆ ಅರ್ಥವಾಗುವಂತೆ ಎರಡು ಮಾತಿನಲ್ಲಿ ಹೇಳಲು ಬರಬೇಕು.

2025ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸೈಕಾಲಜಿಯನ್ನು ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ಕಲಿಸುವುದನ್ನು ನಿಲ್ಲಿಸಿತು. ವೈದ್ಯಕೀಯಕ್ಕೆ ಪೂರಕವಾದ ವೃತ್ತಿಗಳನ್ನು ನಿಯಂತ್ರಿಸುವ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ವ್ಯಾಪ್ತಿಗೆ ಈ ವೃತ್ತಿಯೂ ಬಂದಿರುವುದು ಕಾರಣ. ನಿರ್ಧಾರ ಸರಿಯೇ, ಅಂಚೆಯಲ್ಲಿ ಬಂದ ಪುಸ್ತಕ ಓದಿ ಇನ್ನೊಬ್ಬರ ಮನಸ್ಸಿಗೆ ಕೈ ಹಾಕಬಾರದು. ಆದರೆ ದೇವದುರ್ಗದಲ್ಲೋ ಕುಷ್ಟಗಿಯಲ್ಲೋ ಅಂಗನವಾಡಿ, ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರ ಎಂದು ದುಡಿಯುತ್ತ ಓದುತ್ತಿದ್ದ ಹೆಣ್ಣುಮಕ್ಕಳಿಗೆ ಇದ್ದದ್ದು ಅದೊಂದೇ ಬಾಗಿಲು. ಅದನ್ನು ಮುಚ್ಚಿದ ಮೇಲೆ ಇನ್ನೊಂದನ್ನು ಹತ್ತಿರದಲ್ಲಿ ತೆರೆಯಬೇಕಿತ್ತು. ಮಾನಸಿಕ ಆರೋಗ್ಯದ ದೊಡ್ಡ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗಿ ಎನ್ನುವುದು ಸುಲಭ. ಹೋದವರು ವಾಪಸ್ ಬರುವುದು ಅಪರೂಪ.

ಹಾಗೆ ನೋಡಿದರೆ ನಾವು ಕೈಯೊಡ್ಡಬೇಕಾದ ಊರಿನವರೇ ಅಲ್ಲ. 1985ರಲ್ಲಿ ನಿಮ್ಹಾನ್ಸ್ ತನ್ನ ಜಿಲ್ಲಾ ಮಾನಸಿಕ ಆರೋಗ್ಯದ ಪ್ರಯೋಗ ಶುರು ಮಾಡಿದ್ದು ಬಳ್ಳಾರಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಇಲ್ಲೇ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಔಷಧಿ ಸಿಗುವಂತೆ ಮಾಡಿದರು. 'ಬಳ್ಳಾರಿ ಮಾದರಿ' ಎಂದೇ ಅದಕ್ಕೆ ಹೆಸರಾಯಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದನ್ನೇ ಆಧಾರವಾಗಿಟ್ಟುಕೊಂಡು. ಗಣಿಯ ಬಗ್ಗೆ ಬಾಯ್ತುಂಬ ಮಾತಾಡುವ ನಾವು ಇದನ್ನು ನಮ್ಮ ಮಕ್ಕಳಿಗೆ ಹೇಳುವುದೇ ಇಲ್ಲ.

ಇವತ್ತು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ವಿಶ್ವವಿದ್ಯಾಲಯವಿದೆ, ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಜಿಲ್ಲಾ ಮಾನಸಿಕ ಆರೋಗ್ಯ ತಂಡವಿದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿ ವಾರಕ್ಕೆ ಎರಡು ದಿನ ಆಸ್ಪತ್ರೆಯಲ್ಲಿ, ಹಾಸ್ಟೆಲಿನಲ್ಲಿ, ಕೌಟುಂಬಿಕ ನ್ಯಾಯಾಲಯದಲ್ಲಿ ಕೂರಲಿ. ಬಂದವರು ಒಪ್ಪಿದರೆ ಧ್ವನಿಮುದ್ರಣ ಮಾಡಿಕೊಳ್ಳಲಿ. ಅದನ್ನು ಕೇಳಿ ತಿದ್ದುವವರಿಗೆ ಗಂಟೆಯ ಲೆಕ್ಕದಲ್ಲಿ ಗೌರವಧನ ಸಿಗಲಿ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿಯಿಲ್ಲ.

ಸಂಬಳದ ಬಗ್ಗೆ ಕೇಳುವವರಿಗೆ: ಗುತ್ತಿಗೆ ಕೆಲಸವೇ ಹೆಚ್ಚು, ನವೀಕರಣದ ಆದೇಶ ತಡವಾಗುವುದು ಮಾಮೂಲು. ಅದನ್ನು ತಿಳಿದೇ ಬನ್ನಿ.

ಈ ವರ್ಷ ಅರ್ಜಿ ಹಾಕುವವರು ಶುಲ್ಕ ಕಟ್ಟುವ ಮೊದಲು ವಿಭಾಗಕ್ಕೆ ಹೋಗಿ ಕೇಳಿ: ಎಷ್ಟು ಗಂಟೆ ಜನರ ಎದುರು ಕೂರಿಸುತ್ತೀರಿ? ನನ್ನ ಮಾತನ್ನು ಕೇಳಿ ತಿದ್ದುವವರು ಯಾರು, ಅವರು ವಾರಕ್ಕೆ ಎಷ್ಟು ಸಲ ಸಿಗುತ್ತಾರೆ? "ಅದೆಲ್ಲ ಆಮೇಲೆ ನೋಡೋಣ" ಎಂದರೆ ಎದ್ದು ಬನ್ನಿ. ನಿಮಗೆ ಬಂದ ಉತ್ತರವನ್ನು, ಕಾಲೇಜಿನ ಹೆಸರು ಹಾಕದೆ, ಕೆಳಗೆ ಬರೆಯಿರಿ.