ಹೊಗೆಯಿಂದ ಸಸಿಗಳು ಬೇಗ ಬೆಳೆಯುವುದಿಲ್ಲ: ಸ್ಪಷ್ಟನೆ
ಇಂಗಾಲದ ಡೈಆಕ್ಸೈಡ್ ಗಿಡಗಳ ಆಹಾರ, ಆದ್ದರಿಂದ ಕಾರ್ಖಾನೆಗಳ ಪಕ್ಕ ನೆಟ್ಟ ಸಸಿಗಳು ಹುಲುಸಾಗಿ ಬೆಳೆಯುತ್ತವೆ ಎಂಬ ಸಂದೇಶ ಬಳ್ಳಾರಿ ಭಾಗದಲ್ಲಿ ಹರಿದಾಡುತ್ತಿದ್ದು, ಅದು ಅರ್ಧಸತ್ಯ ಮಾತ್ರ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸುಮಾರು 280 ಭಾಗವಿದ್ದ ಈ ಅನಿಲ ಈಗ 420 ದಾಟಿದೆ. ಅದು ದ್ಯುತಿಸಂಶ್ಲೇಷಣೆಯನ್ನು ಚುರುಕುಗೊಳಿಸುವುದು ನಿಜ. ಆದರೆ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳು ಸುಲಭವಾಗಿ ಆವಿಯಾಗುವ ಸಾವಯವ (ಇಂಗಾಲಯುಕ್ತ) ಸಂಯುಕ್ತಗಳೊಡನೆ ಬಿಸಿಲಿನಲ್ಲಿ ವರ್ತಿಸಿ ಓಝೋನ್ ಹುಟ್ಟುತ್ತದೆ. ಬಳ್ಳಾರಿಯಲ್ಲಿ ಬಿಸಿಲಿಗೇನು ಬರವಿಲ್ಲ. ಆ ಓಝೋನ್ ಪತ್ರರಂಧ್ರಗಳ ಮೂಲಕ ಒಳಹೊಕ್ಕು ಜೀವಕೋಶಗಳನ್ನು ಕೆಡಿಸುವುದರಿಂದ, ಸೂಕ್ಷ್ಮ ಜಾತಿಗಳಲ್ಲಿ ಎಲೆಯ ಮೇಲ್ಭಾಗದ ನರಗಳ ನಡುವೆ ಸೂಜಿಮೊನೆಯಷ್ಟು ಚುಕ್ಕೆಗಳು ಮೂಡುತ್ತವೆ, ಬೇರಿಗೆ ಇಳಿಯಬೇಕಾದ ಆಹಾರವೂ ಕಡಿಮೆಯಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1998ರಿಂದ ಎಳೆಯ ಆ್ಯಸ್ಪೆನ್ ಮರಗಳಿಗೆ ಎರಡೂ ಅನಿಲಗಳನ್ನು ಬಯಲಿನಲ್ಲೇ ಹಾಯಿಸಿ ನೋಡಿದಾಗ, ಮೊದಲ ವರ್ಷಗಳಲ್ಲಿ ಇಂಗಾಲದ ಡೈಆಕ್ಸೈಡ್‌ನ ಲಾಭವನ್ನು ಓಝೋನ್ ಬಹುಮಟ್ಟಿಗೆ ನುಂಗಿಹಾಕಿತ್ತು.