ಸತ್ಯಾಂಶ: ಬ್ಯಾಂಕ್ ಹರಾಜಿನ ಫ್ಲ್ಯಾಟ್‌ಗೆ ಬಾಕಿಯೇ ಇರಲ್ವಾ?

ಮುಂಬೈ, ಡೊಂಬಿವಲಿಯ ನಮ್ಮ ಕನ್ನಡ ಗುಂಪುಗಳಲ್ಲಿ ಓಡಾಡುತ್ತಿರುವ ಮಾತು: 'ಬ್ಯಾಂಕ್ ಹರಾಜಿನ ಫ್ಲ್ಯಾಟ್ ಅಂದ್ರೆ ಹಳೇ ಬಾಕಿಯೆಲ್ಲ ಚುಕ್ತಾ, ದುಡ್ಡು ಕಟ್ಟಿದ ದಿನವೇ ಬೀಗದ ಕೈ.' ಇದು ನಿಜವಲ್ಲ.

ಹರಾಜಿನ ನೋಟಿಸ್ ಪೂರ್ತಿ ಓದಿ. 'ಇದ್ದಲ್ಲಿ, ಇದ್ದ ಹಾಗೆ' ಮಾರಾಟ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಅಂದರೆ ಸೊಸೈಟಿಯ ಮೇಂಟೆನೆನ್ಸ್ ಬಾಕಿ, ಆಸ್ತಿ ತೆರಿಗೆ ನಿಮ್ಮ ತಲೆಗೇ ಬರಬಹುದು. ನಿಯಮದಲ್ಲಿ ಅವಕಾಶವಿದ್ದರೆ ಹಳೇ ಮಾಲೀಕನ ಕರೆಂಟ್ ಬಾಕಿಯನ್ನೂ ಕೊಂಡವರಿಂದ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. 'ಸಾಂಕೇತಿಕ ಸ್ವಾಧೀನ' (ಅಂದರೆ ಫ್ಲ್ಯಾಟ್ ಕಾಗದದ ಮೇಲಷ್ಟೇ ಬ್ಯಾಂಕಿನ ವಶದಲ್ಲಿದೆ) ಎಂದಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರಿ. ಒಳಗೆ ಹಳೇ ಮಾಲೀಕನೋ ಬಾಡಿಗೆದಾರನೋ ಇರಬಹುದು.

ಸರ್ಫೇಸಿ (ಸಾಲ ತೀರದಿದ್ದಾಗ ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ಮಾರಲು ಇರುವ ಕಾನೂನು) ಹರಾಜಿನಲ್ಲಿ ಗೆದ್ದರೆ ಶೇ. 25ರಷ್ಟು ಅಂದೇ ಅಥವಾ ಮರು ಕೆಲಸದ ದಿನ ಕಟ್ಟಬೇಕು, ಉಳಿದದ್ದು ಸಾಮಾನ್ಯವಾಗಿ ಮಾರಾಟ ಖಚಿತವಾದ 15 ದಿನದಲ್ಲಿ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ದಯವಿಟ್ಟು ಬಿಡ್ ಹಾಕುವ ಮುಂಚೆಯೇ ಸೊಸೈಟಿ ಸೆಕ್ರೆಟರಿಯನ್ನು ಕಂಡು ಬಾಕಿ ಎಷ್ಟಿದೆ ಎಂದು ಬರಹದಲ್ಲಿ ಪಡೆಯಿರಿ.