ಸ್ಪೇಟ್ ಸಾಹೇಬರಿಗೊಂದು ಪ್ರತಿಮೆ

ಕಳೆದ ವಾರ ಮಾಲ್ ಒಂದರಲ್ಲಿ ಅಮ್ಮನಿಗೆ ಕಾಲು ನೋವೆಂದು ಕೂರುವ ಜಾಗ ಹುಡುಕಿದೆವು. ಹಿಂದೆ ಬೆಂಚುಗಳಿದ್ದಲ್ಲಿ ಈಗ ಮೈ ಒತ್ತುವ ಕಪ್ಪು ಕುರ್ಚಿಗಳು ಸಾಲಾಗಿ ಕೂತಿವೆ, ಜನ ನಿಂತಿದ್ದಾರೆ. ಅಮ್ಮ ಕೂತ ಅರೆಗಳಿಗೆಗೆ ಕುರ್ಚಿಯೇ ಬಾಯಿಬಿಟ್ಟಿತು: 'ದಯವಿಟ್ಟು ಹಣ ಪಾವತಿಸಿ.' ಎಪ್ಪತ್ತೈದರ ಹೆಂಗಸು ಕದ್ದು ಸಿಕ್ಕಿಬಿದ್ದವರಂತೆ ಎದ್ದು ನಿಂತರು.

ನನಗೆ ಆಸ್ಕರ್ ಸ್ಪೇಟ್ ನೆನಪಾದರು. ಇಂಥ ದಾರ್ಶನಿಕರಿಗೆ ನಮ್ಮಲ್ಲಿ ಒಂದು ಪ್ರತಿಮೆಯೂ ಇಲ್ಲದಿರುವುದು ಅನ್ಯಾಯ. 1901ರಲ್ಲಿ ಅವರು ನ್ಯೂಯಾರ್ಕಿನ ಉದ್ಯಾನಗಳ ಕಮಿಷನರ್ ಜಾರ್ಜ್ ಕ್ಲಾಸೆನ್ ಅವರನ್ನು ಒಪ್ಪಿಸಿದರು: ನಗರಕ್ಕೆ ವರ್ಷಕ್ಕೆ 500 ಡಾಲರ್ ಕಟ್ಟುವುದು, 200 ತೂಗುಕುರ್ಚಿ ಹಾಕುವುದು, ಕೂತವರಿಂದ ಐದೈದು ಸೆಂಟ್ ಎತ್ತುವುದು. ಪುಕ್ಕಟೆ ಬೆಂಚುಗಳು ಬಿಸಿಲಿಗೆ ಗುಳೆ ಹೋದವು. ಮರ ಊರಿನದು, ನೆರಳು ಸ್ಪೇಟರದು.

ತೂಗುಕುರ್ಚಿಯನ್ನೇ ಆರಿಸಿದ್ದರಲ್ಲಿ ಜಾಣತನವಿದೆ. ಬೆಂಚಿಗೆ ಬಾಡಿಗೆ ಕೇಳಿದರೆ ಜಗಳ. ಅಲುಗಾಡುವುದಕ್ಕಾದರೆ ಪ್ರಯಾಣದರವೆನ್ನಬಹುದು, ಯಾವ ಊರೂ ಮುಟ್ಟದಿದ್ದರೂ. ತೊಟ್ಟಿಲಿನ ಬಾಗುಪಟ್ಟಿಯನ್ನು ಕುರ್ಚಿಯ ಕಾಲಿಗೆ ಬಡಿದ ಮೊದಲ ಬಡಗಿ ಯಾರೆಂಬ ದಾಖಲೆಯಿಲ್ಲ. ಹಾಗಾಗಿ ಕೀರ್ತಿಯನ್ನು ಅಮೆರಿಕದ ಮುತ್ಸದ್ದಿ, ಸಂಶೋಧಕ ಬೆಂಜಮಿನ್ ಫ್ರಾಂಕ್ಲಿನ್ ತಲೆಗೆ ಕಟ್ಟಿಬಿಟ್ಟಿದ್ದಾರೆ, ನಮ್ಮಲ್ಲಿ ಕಂಡ ಗುಹೆಯನ್ನೆಲ್ಲ ಪಾಂಡವರ ಖಾತೆಗೆ ಬರೆದ ಹಾಗೆ. ಲಿಂಕನ್ ಗುಂಡೇಟು ತಿಂದಾಗ ಕೂತಿದ್ದುದು ತೂಗುಕುರ್ಚಿಯಲ್ಲಿ. ಕೆನಡಿಯವರ ಬೆನ್ನುನೋವಿಗೆ ವೈದ್ಯೆ ಜಾನೆಟ್ ಟ್ರಾವೆಲ್ ಬರೆದುಕೊಟ್ಟ ಮದ್ದೂ ಅದೇ. ಅವರ ಅಂಥದೊಂದು ಕುರ್ಚಿ 1996ರ ಹರಾಜಿನಲ್ಲಿ ನಾಲ್ಕು ಲಕ್ಷ ಡಾಲರ್ ದಾಟಿತು. ಬೆನ್ನುನೋವು ಅವರದು, ಜೇಬುನೋವು ಕೊಂಡವರದು. ನಮ್ಮಜ್ಜನ ತೂಗುಮಂಚವನ್ನು ಚಿಕ್ಕಪ್ಪ ಗುಜರಿಗೆ ಕೊಟ್ಟರು. ಸರಪಳಿಗೆ ಮಾತ್ರ ತೂಕ ಹಾಕಿದರಂತೆ.

ಇರಲಿ. 1901ರ ಆ ಜುಲೈನಲ್ಲಿ ನ್ಯೂಯಾರ್ಕ್ ಬಾಣಲೆಯಂತೆ ಕಾದಿತ್ತು. ಮ್ಯಾಡಿಸನ್ ಸ್ಕ್ವೇರ್ ಉದ್ಯಾನದಲ್ಲಿ ಜನ ಕೂತರು, ಕಾಸು ಕೊಡಲಿಲ್ಲ. ವಸೂಲಿಗಾರನನ್ನು ಅಟ್ಟಿಸಿಕೊಂಡು ಹೋದರು, ಕುರ್ಚಿ ಮುರಿದರು. ಪೊಲೀಸರು ಬಂದರೂ ಗಲಾಟೆ ದಿನಗಟ್ಟಲೆ ನಡೆಯಿತು. ಜುಲೈ 11ರಂದು ಕ್ಲಾಸೆನ್ ಗುತ್ತಿಗೆ ರದ್ದು ಮಾಡಿದಾಗ ಹತ್ತು ಸಾವಿರ ಮಂದಿ ಬ್ಯಾಂಡು ಬಾರಿಸಿ ಪಟಾಕಿ ಹೊಡೆದರು.

ನಾವು? ನಮ್ಮ ಬಸ್ ತಂಗುದಾಣದಲ್ಲಿ ಕೂತರೆ ಜಾರುವ ಉಕ್ಕಿನ ಕೊಳವೆ, ಅದರ ಹಿಂದೆ ಗೋಡೆಯಗಲದ ಜಾಹೀರಾತು. ಪಾರ್ಕಿನ ಬೆಂಚಿನ ನಡುವೆ ಕಬ್ಬಿಣದ ಅಡ್ಡಪಟ್ಟಿ, ಯಾರೂ ಮೈಚಾಚಬಾರದೆಂದು. ಬಸುರಿಯೊಬ್ಬಳು ಐದು ನಿಮಿಷ ಕೂರಬೇಕಾದರೆ ಇನ್ನೂರು ರೂಪಾಯಿಯ ಕಾಫಿ ಕೊಳ್ಳಬೇಕು. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೆ ಸುಸ್ತಾಗಿದೆ. ಯಾರೂ ಕುರ್ಚಿ ಮುರಿಯುವುದಿಲ್ಲ. ನಾನೂ ಮುರಿಯಲಿಲ್ಲ, ಮೊಬೈಲ್ ತೆಗೆದು, ಸ್ಕ್ಯಾನ್ ಮಾಡಿ, ನೂರು ರೂಪಾಯಿ ಕಟ್ಟಿದೆ.

ಕುರ್ಚಿ ಗುರುಗುಟ್ಟಿ ಅಮ್ಮನ ಬೆನ್ನು ಗುದ್ದತೊಡಗಿತು. ಅವರು ಎರಡೂ ಕೈಹಿಡಿ ಬಿಗಿಯಾಗಿ ಹಿಡಿದುಕೊಂಡು ಹೇಳಿದರು: "ಇದನ್ನು ಸುಮ್ಮನಿರಿಸುವುದಕ್ಕೆ ಎಷ್ಟಂತೆ, ಕೇಳು."